ಎಳೆಯ ಕೀಲುಗಳ ನೋವಿಗೆ ಯೋಜನೆಗಳಲ್ಲಿ ಜಾಗವಿಲ್ಲ

ಬೆಂಗಳೂರು: ಸಂಧಿವಾತವೆಂದರೆ ಅಜ್ಜ-ಅಜ್ಜಿಯರ ಕಾಯಿಲೆ ಎಂಬ ನಂಬಿಕೆ ಸಮಾಜದಲ್ಲಿ ಆಳವಾಗಿ ಬೇರೂರಿದೆ. ಮೂರು ವರ್ಷದ ಮಗುವಿಗೂ ಅದು ಬರಬಹುದೆಂದರೆ ವಿದ್ಯಾವಂತರೂ ಹುಬ್ಬೇರಿಸುತ್ತಾರೆ. ಈ ತಪ್ಪು ತಿಳಿವಳಿಕೆಗೆ ಬೆಲೆ ತೆರುತ್ತಿರುವವರು ಮಾತ್ರ ಮಕ್ಕಳು.

ಹದಿನಾರು ವರ್ಷ ತುಂಬುವ ಮುನ್ನ ಕಾಣಿಸಿಕೊಂಡು, ಕನಿಷ್ಠ ಆರು ವಾರ ಉಳಿಯುವ, ಬೇರೆ ಕಾರಣ ಸಿಗದ ಕೀಲುಗಳ ಉರಿಯೂತವನ್ನು ವೈದ್ಯಲೋಕ 'ಜುವೆನೈಲ್ ಇಡಿಯೋಪಥಿಕ್ ಆರ್ಥ್ರೈಟಿಸ್' ಎನ್ನುತ್ತದೆ. ಸಂಕ್ಷಿಪ್ತವಾಗಿ ಜೆಐಎ. ರೋಗಾಣುಗಳ ವಿರುದ್ಧ ಹೋರಾಡಬೇಕಾದ ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಕೀಲುಗಳ ಮೇಲೆ ತಿರುಗಿ ಬೀಳುವುದು ಇದರ ಸ್ವರೂಪ. ಇದರಲ್ಲಿ ಏಳು ಬಗೆಗಳಿವೆ. ಪಾಶ್ಚಾತ್ಯ ದೇಶಗಳ ಅಂದಾಜಿನಂತೆ ಸಾವಿರಕ್ಕೆ ಸುಮಾರು ಒಂದು ಮಗು ಈ ಕಾಯಿಲೆಗೆ ತುತ್ತಾಗುತ್ತದೆ.

ಎಡವುತ್ತಿರುವುದೆಲ್ಲಿ?

ಬೆಳಗ್ಗೆ ಎದ್ದಾಗ ಕುಂಟುವ ಮಗು ಮಧ್ಯಾಹ್ನದ ಹೊತ್ತಿಗೆ ಓಡಾಡುತ್ತದೆ. ಹೀಗಾಗಿ ಶಾಲೆ ತಪ್ಪಿಸಿಕೊಳ್ಳುವ ನೆಪವೆಂಬ ಬೈಗುಳ ಅದಕ್ಕೆ ಕಟ್ಟಿಟ್ಟ ಬುತ್ತಿ. 'ಬೆಳೆಯುವ ವಯಸ್ಸು, ಕಾಲುನೋವು ಸಹಜ' ಎಂಬ ಸಮಾಧಾನವೂ ಸಿಗುತ್ತದೆ. ಆದರೆ ಬೆಳೆಯುವ ಮಕ್ಕಳ ಸಾಮಾನ್ಯ ನೋವು ಸಂಜೆ ಅಥವಾ ರಾತ್ರಿ ಬಂದು ಬೆಳಗಾಗುವಷ್ಟರಲ್ಲಿ ಮಾಯವಾಗುತ್ತದೆ, ಕೀಲು ಊದುವುದಿಲ್ಲ. ಜೆಐಎ ಇದಕ್ಕೆ ತದ್ವಿರುದ್ಧ. ಬೆಳಗಿನ ಬಿಗಿತ ಮತ್ತು ಕೀಲಿನ ಊತವೇ ಅದರ ಮುಖ್ಯ ಲಕ್ಷಣಗಳು.

ವೈದ್ಯರ ಬಳಿ ಹೋದರೂ ಗೊಂದಲ ತಪ್ಪಿದ್ದಲ್ಲ. ದೊಡ್ಡವರ ಸಂಧಿವಾತಕ್ಕೆ ಮಾಡಿಸುವ 'ರುಮಟಾಯ್ಡ್ ಫ್ಯಾಕ್ಟರ್' ರಕ್ತ ಪರೀಕ್ಷೆ ಬಹುಪಾಲು ಮಕ್ಕಳಲ್ಲಿ ನೆಗೆಟಿವ್ ಬರುತ್ತದೆ. ಅಷ್ಟರಿಂದಲೇ 'ಸಂಧಿವಾತವಲ್ಲ' ಎಂಬ ತೀರ್ಮಾನಕ್ಕೆ ಬಂದರೆ ಮಗುವಿನ ಅಮೂಲ್ಯ ತಿಂಗಳುಗಳು ವ್ಯರ್ಥ. ಇನ್ನು ಕೆಲವು ಮಕ್ಕಳಿಗೆ ಎಎಸ್ಒ ಪರೀಕ್ಷೆಯೊಂದನ್ನೇ ನೆಚ್ಚಿ, ಹೃದಯಕ್ಕೆ ಕುತ್ತು ತರುವ ರುಮಾಟಿಕ್ ಜ್ವರವೆಂದು ಭಾವಿಸಿ ಮೂರು ವಾರಕ್ಕೊಮ್ಮೆ ಪೆನ್ಸಿಲಿನ್ ಚುಚ್ಚುಮದ್ದು ನೀಡಲಾಗುತ್ತದೆ. ಇತ್ತ ಕೀಲು ಸವೆಯುತ್ತಲೇ ಇರುತ್ತದೆ.

ಭಾರತದಲ್ಲಿ ಹೆಚ್ಚಾಗಿ ಕಂಡುಬರುವ ಇನ್ನೊಂದು ಬಗೆಯಲ್ಲಿ, ಆರು ವರ್ಷ ದಾಟಿದ ಗಂಡುಮಕ್ಕಳಿಗೆ ಹಿಮ್ಮಡಿ, ಮಂಡಿ, ಸೊಂಟದಲ್ಲಿ ನೋವು ಶುರುವಾಗುತ್ತದೆ. ಆಟದಲ್ಲಿ ಪೆಟ್ಟು ಬಿದ್ದಿದೆಯೆಂದು ನಾಟಿ ವೈದ್ಯರ ಕಟ್ಟು ಹಾಕಿಸುವುದರಲ್ಲೇ ಕಾಲ ಕಳೆಯುತ್ತದೆ.

ಕಾಣದ ಅಪಾಯ ಕಣ್ಣಿನದು. ಕೆಲವು ಬಗೆಯ ಜೆಐಎಯಲ್ಲಿ ಕಣ್ಣಿನೊಳಗೆ ಉರಿಯೂತ ಉಂಟಾಗುತ್ತದೆ. ಹಲವು ಬಾರಿ ಕಣ್ಣು ಕೆಂಪಾಗುವುದೂ ಇಲ್ಲ, ನೋಯುವುದೂ ಇಲ್ಲ. ನಿಯಮಿತವಾಗಿ 'ಸ್ಲಿಟ್ ಲ್ಯಾಂಪ್' ತಪಾಸಣೆ ಮಾಡಿಸದಿದ್ದರೆ ದೃಷ್ಟಿಯೇ ಹೋಗಬಹುದು.

ಔಷಧಿ ಇದೆ, ದಾರಿ ಇಲ್ಲ

ಸಮಾಧಾನದ ಸಂಗತಿಯೆಂದರೆ, ಬೇಗ ಪತ್ತೆಯಾದರೆ ಕಾಯಿಲೆಯನ್ನು ಹತೋಟಿಗೆ ತರಬಹುದು. ವಾರಕ್ಕೊಮ್ಮೆ ನೀಡುವ ಮೆಥೊಟ್ರೆಕ್ಸೇಟ್ ದುಬಾರಿಯೇನಲ್ಲ. ಅದಕ್ಕೆ ಮಣಿಯದ ಕಾಯಿಲೆಗೆ 'ಬಯೋಲಾಜಿಕ್' ಚುಚ್ಚುಮದ್ದುಗಳಿವೆ. ಅವುಗಳಲ್ಲೊಂದಾದ ಅಡಾಲಿಮುಮಾಬ್ ಅನ್ನು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಅದರ ಅಗ್ಗದ ಸ್ವದೇಶಿ ರೂಪ 2014ರಲ್ಲೇ ಭಾರತದ ಮಾರುಕಟ್ಟೆಗೆ ಬಂದಿತ್ತು. ಆದರೂ ತಿಂಗಳುಗಟ್ಟಲೆ ಕೊಡಿಸುವುದು ಮಧ್ಯಮ ವರ್ಗದವರಿಗೂ ಹೊರೆಯೇ.

ಇಲ್ಲಿಯೇ ಸರ್ಕಾರಿ ಯೋಜನೆಗಳ ಮಿತಿ ಎದ್ದು ಕಾಣುತ್ತದೆ. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಮುಖ್ಯವಾಗಿ ಆಸ್ಪತ್ರೆಗೆ ದಾಖಲಾಗುವ ರೋಗಿಗಳನ್ನು ಗಮನದಲ್ಲಿಟ್ಟು ರೂಪಿಸಿದ ಯೋಜನೆ. ಜೆಐಎ ಮಗುವಾದರೋ ಹೊರರೋಗಿಯಾಗಿಯೇ ವರ್ಷಗಳನ್ನು ಕಳೆಯುತ್ತದೆ. ಅಂಗನವಾಡಿ ಮತ್ತು ಶಾಲಾ ಮಕ್ಕಳ ತಪಾಸಣೆಗೆಂದು 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 30 ತೊಂದರೆಗಳನ್ನು ಪಟ್ಟಿ ಮಾಡಿತು. ಅದರಲ್ಲಿ ರುಮಾಟಿಕ್ ಹೃದ್ರೋಗವಿದೆ, ಮಕ್ಕಳ ಸಂಧಿವಾತವಿಲ್ಲ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ವೈಕಲ್ಯಗಳಲ್ಲೂ ಇದರ ಹೆಸರಿಲ್ಲ. ಕೀಲು ಶಾಶ್ವತವಾಗಿ ಸೆಟೆದು, ಚಲನವೈಕಲ್ಯ ಶೇ 40ರಷ್ಟಾದರೆ ಮಾತ್ರ ಕಾಯ್ದೆಯ ಪ್ರಮುಖ ಸವಲತ್ತುಗಳು ದೊರೆಯುತ್ತವೆ. ವೈಕಲ್ಯ ಬಾರದಂತೆ ತಡೆಯಲು ಚಿಕಿತ್ಸೆ ಬೇಕಾದ ದಿನಗಳಲ್ಲಿ ನೆರವಿಲ್ಲ, ಕೀಲು ಕೆಟ್ಟ ಮೇಲೆ ಪ್ರಮಾಣಪತ್ರ! ಇದಕ್ಕಿಂತ ವಿಪರ್ಯಾಸ ಬೇರೇನಿದೆ?

ಆಗಬೇಕಾದ್ದೇನು?

ಪರಿಹಾರಕ್ಕೆ ಕೋಟಿಗಟ್ಟಲೆ ಹಣ ಬೇಕಿಲ್ಲ. ಮಗುವಿನ ನಡಿಗೆ, ಕೈ, ಕಾಲು, ಬೆನ್ನುಗಳನ್ನು ಕೆಲವೇ ನಿಮಿಷಗಳಲ್ಲಿ ಪರೀಕ್ಷಿಸುವ 'ಪಿ-ಗಾಲ್ಸ್' ಎಂಬ ಸರಳ ವಿಧಾನ ಬ್ರಿಟನ್ನಿನಲ್ಲಿ ರೂಪುಗೊಂಡಿದೆ. ಉಪಕರಣಗಳ ಗೊಡವೆ ಇಲ್ಲ. ಶಾಲಾ ತಪಾಸಣೆಗೆ ಬರುವ ವೈದ್ಯ ತಂಡಗಳಿಗೆ ಇದರ ತರಬೇತಿ ನೀಡಬಹುದು. ಜಿಲ್ಲಾ ಆಸ್ಪತ್ರೆಗಳಲ್ಲಿ ಮೆಥೊಟ್ರೆಕ್ಸೇಟ್ ನಿರಂತರವಾಗಿ ಸಿಗುವಂತೆ ನೋಡಿಕೊಂಡು, ಬಯೋಲಾಜಿಕ್ ಔಷಧಿಗಳಿಗೆ ಹೊರರೋಗಿ ನೆರವನ್ನು ವಿಸ್ತರಿಸಬೇಕು.

ಶಾಲೆಗಳ ಹೊಣೆಯೂ ಕಡಿಮೆಯದಲ್ಲ. ಬೆಳಗಿನ ಪ್ರಾರ್ಥನೆಯಲ್ಲಿ ನಿಲ್ಲುವುದರಿಂದ ವಿನಾಯಿತಿ, ನೆಲಮಹಡಿಯಲ್ಲಿ ತರಗತಿ, ಕುಳಿತುಕೊಳ್ಳಬಹುದಾದ ಕಮೋಡ್, ಬೆರಳು ಊದಿದ ಮಗುವಿಗೆ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಇವು ದಯೆಯಲ್ಲ, ಅಗತ್ಯ.

ಮಕ್ಕಳ ಸಂಧಿವಾತ ಮತ್ತು ಅಂಥ ಕಾಯಿಲೆಗಳ ಜಾಗೃತಿಗಾಗಿ 2019ರಿಂದ ಪ್ರತಿ ವರ್ಷ ಮಾರ್ಚ್ 18ರಂದು ವಿಶ್ವ ದಿನ ಆಚರಿಸಲಾಗುತ್ತಿದೆ. ಮಿಕ್ಕ ದಿನಗಳಲ್ಲಿ ಆಗಬೇಕಾದ ಕೆಲಸ ಇನ್ನೂ ಸರಳ. ಬೆಳಗ್ಗೆ ಮಗು ಕುಂಟಿದರೆ ಗದರಿಸುವ ಮುನ್ನ ಮಂಡಿ ಮುಟ್ಟಿ ನೋಡುವುದು. ಊದಿದ್ದರೆ ವೈದ್ಯರ ಬಳಿಗೆ ಕರೆದೊಯ್ಯುವುದು.