ಪೊರಕೆ ನಮಗೆ, ನಕ್ಷೆ ಅವರಿಗೆ

ನಮ್ಮ ವಿಶ್ವವಿದ್ಯಾಲಯಗಳಲ್ಲಿ ‘ವಿದ್ಯಾರ್ಥಿಗಳ ಸಹಭಾಗಿತ್ವ’ ಎಂಬ ಮಾತಿಗೆ ಬಹುಮಟ್ಟಿಗೆ ಒಂದೇ ಅರ್ಥ: ಪೊರಕೆ. ನ್ಯಾಕ್ ತಂಡ ಬರಲು ಇನ್ನೆರಡು ವಾರವಿದೆ ಎನ್ನುವಾಗ ಸುತ್ತೋಲೆ ಹೊರಡುತ್ತದೆ. ಶನಿವಾರ ಬೆಳಿಗ್ಗೆ ಎಲ್ಲ ವಿಭಾಗಗಳ ವಿದ್ಯಾರ್ಥಿಗಳು, ಬೋಧಕರು, ಬೋಧಕೇತರ ಸಿಬ್ಬಂದಿ ಶ್ರಮದಾನದಲ್ಲಿ ಕಡ್ಡಾಯವಾಗಿ ಪಾಲ್ಗೊಳ್ಳತಕ್ಕದ್ದು. ಪಾರ್ಥೇನಿಯಂ ಕಿತ್ತದ್ದಾಯಿತು, ದಾರಿಯಂಚಿನ ಕಲ್ಲುಗಳಿಗೆ ಸುಣ್ಣ ಬಳಿದದ್ದಾಯಿತು, ಬ್ಯಾನರ್ ಹಿಡಿದು ಫೋಟೊ ತೆಗೆಸಿಕೊಂಡದ್ದೂ ಆಯಿತು. ಆ ಫೋಟೊ ವರದಿಯ ಯಾವುದೋ ಪುಟದಲ್ಲಿ ಹೋಗಿ ಕೂರುತ್ತದೆ. ತಂಡ ಬಂದು ಹೋದ ಮೇಲೆ ಪಾರ್ಥೇನಿಯಂ ಮತ್ತೆ ಬೆಳೆಯುತ್ತದೆ.

ಕಸ ಗುಡಿಸುವುದು ಕೀಳು ಕೆಲಸ ಎಂಬುದು ನನ್ನ ತಕರಾರಲ್ಲ. ನಾವು ಓದುವ, ಬಾಳುವ ಜಾಗವನ್ನು ನಾವೇ ಚೊಕ್ಕಟವಾಗಿ ಇಟ್ಟುಕೊಳ್ಳುವುದರಲ್ಲಿ ಅವಮಾನವೇನೂ ಇಲ್ಲ. ನನ್ನ ತಕರಾರು ಇರುವುದು ‘ಕಡ್ಡಾಯ ಶ್ರಮದಾನ’ ಎಂಬ ಜೋಡಿಪದದ ಬಗ್ಗೆ. ದಾನವೆಂದರೆ ಕೊಡುವವರ ಇಷ್ಟ. ಕಡ್ಡಾಯ ಮಾಡಿ ಪಡೆದ ದುಡಿಮೆಗೆ ಕನ್ನಡದಲ್ಲಿ ಬೇರೆಯೇ ಹೆಸರಿದೆ, ಬಿಟ್ಟಿ. ಗಿಡ ಎಲ್ಲಿ ನೆಡಬೇಕು, ರಸ್ತೆ ಎಲ್ಲಿ ಹಾಯಬೇಕು, ಈ ವರ್ಷದ ಹಣದಲ್ಲಿ ಮೊದಲು ಶೌಚಾಲಯವೋ ಸ್ವಾಗತ ಕಮಾನೋ ಎಂದು ತೀರ್ಮಾನಿಸುವ ಮೇಜಿನ ಹತ್ತಿರವೂ ಬಿಡದೆ, ತೀರ್ಮಾನವಾದ ಮೇಲೆ ಕೈಗೆ ಪೊರಕೆ ಕೊಡುವುದಕ್ಕೆ ಆ ಹೆಸರೇ ಸರಿ.

ಈ ಮೇಜಿನಿಂದ ಹೊರಬರುವ ಕಾಮಗಾರಿಗಳು ಹೇಗಿರುತ್ತವೆ ಎಂಬುದಕ್ಕೆ ಯಾವ ಕ್ಯಾಂಪಸ್ಸಿನಲ್ಲಾದರೂ ಅರ್ಧ ಗಂಟೆ ನಡೆದರೆ ಸಾಕು. ನಾನು ಸಂಶೋಧನೆ ಮಾಡುತ್ತಿರುವ ಕಡೆ ಒಂದು ರ‍್ಯಾಂಪ್ ಇದೆ. ಗಾಲಿಕುರ್ಚಿಯವರು ಯಾರ ನೆರವೂ ಇಲ್ಲದೆ ಹತ್ತಬೇಕಾದರೆ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕು ಎನ್ನುವುದು ನಮ್ಮ ದೇಶದ ಮಾರ್ಗಸೂಚಿಯೇ ಹೇಳುವ ಅಳತೆ. ನಮ್ಮ ರ‍್ಯಾಂಪ್ ಅದರ ಅರ್ಧದಷ್ಟು ಉದ್ದವೂ ಇಲ್ಲ. ಹೋಗಲಿ ಎಂದರೆ ಅದು ಮುಗಿಯುವ ಜಾಗದಲ್ಲಿ ಇನ್ನೊಂದು ಮೆಟ್ಟಿಲಿದೆ. ಗಾಲಿಕುರ್ಚಿ ಬಳಸುವ ಒಬ್ಬರನ್ನು ಕರೆದು ನಕ್ಷೆ ತೋರಿಸಿದ್ದರೆ ಐದು ನಿಮಿಷದಲ್ಲಿ ತಪ್ಪು ಸಿಕ್ಕಿಬೀಳುತ್ತಿತ್ತು. ಗ್ರಂಥಾಲಯದಿಂದ ಹೆಣ್ಣುಮಕ್ಕಳ ಹಾಸ್ಟೆಲ್‌ವರೆಗಿನ ದಾರಿಯಲ್ಲಿ ದೀಪಗಳಿಲ್ಲ, ಆಡಳಿತ ಭವನದ ಎದುರಿನ ಕಾರಂಜಿಗೆ ಬಣ್ಣಬಣ್ಣದ ದೀಪಗಳಿವೆ. ಗ್ರಂಥಾಲಯವನ್ನು ರಾತ್ರಿ ಹತ್ತರವರೆಗೆ ತೆರೆದಿದ್ದೇವೆ ಎಂದು ವರದಿಯಲ್ಲಿ ಹೆಮ್ಮೆಯಿಂದ ಬರೆಯುತ್ತಾರೆ. ಆ ಹೊತ್ತಿನಲ್ಲಿ ಅಲ್ಲಿಂದ ನಡೆದು ಹೋಗಬೇಕಾದವಳನ್ನು ಯಾರೂ ಕೇಳಿಲ್ಲ.

ಕೇಳಬೇಕಾದವರು ವಿದ್ಯಾರ್ಥಿಗಳಷ್ಟೇ ಅಲ್ಲ. ಯಾವ ಶೌಚಾಲಯಕ್ಕೆ ಬೇಸಿಗೆಯಲ್ಲಿ ನೀರು ಏರುವುದಿಲ್ಲ ಎಂಬುದು ಎಂಜಿನಿಯರ್‌ಗಿಂತ ಮೊದಲು ಅದನ್ನು ತೊಳೆಯುವ ಹೆಂಗಸಿಗೆ ಗೊತ್ತಿರುತ್ತದೆ. ಮಳೆಗಾಲದಲ್ಲಿ ನೀರು ಎಲ್ಲಿ ನಿಲ್ಲುತ್ತದೆ ಎಂದು ತೋಟದ ಮಾಲಿಗೆ ಗೊತ್ತು. ರಾತ್ರಿ ಯಾವ ಗೇಟಿನಿಂದ ಯಾರು ನುಗ್ಗುತ್ತಾರೆ ಎಂದು ಸೆಕ್ಯುರಿಟಿಯವರಿಗೆ, ಅಡುಗೆಮನೆಯ ಹೊಗೆ ಯಾಕೆ ಹೊರಹೋಗುವುದಿಲ್ಲ ಎಂದು ಹಾಸ್ಟೆಲ್ ಅಡುಗೆಯವರಿಗೆ ಗೊತ್ತು. ಆದರೆ ಇವರಲ್ಲಿ ಬಹಳ ಮಂದಿ ಇಂದು ಹೊರಗುತ್ತಿಗೆಯವರು. ಬಾಯಿ ಬಿಟ್ಟರೆ ಏಜೆನ್ಸಿಯವನು ನಾಳೆಯಿಂದ ಬರಬೇಡ ಎನ್ನಬಹುದು. ಪಾಠ ಮಾಡುವ ಅತಿಥಿ ಉಪನ್ಯಾಸಕರ ಸ್ಥಿತಿಯೂ ಇದಕ್ಕಿಂತ ಬಹಳ ಬೇರೆಯಲ್ಲ. ಮುಂದಿನ ವರ್ಷ ಇರುತ್ತೇವೋ ಇಲ್ಲವೋ ತಿಳಿಯದವರು ಸೋರುವ ಸೂರಿನ ಬಗ್ಗೆ ಜಗಳ ತೆಗೆಯುವುದಿಲ್ಲ. ಕ್ಯಾಂಪಸ್ಸನ್ನು ಚೆನ್ನಾಗಿ ಬಲ್ಲವರೇ ಅದರ ಬಗ್ಗೆ ಮಾತಾಡಲು ಅಂಜಬೇಕಾದ ವ್ಯವಸ್ಥೆಯನ್ನು ಕಟ್ಟಿಕೊಂಡಿದ್ದೇವೆ.

ಇದು ನಮ್ಮ ನಾಡಿಗೆ ಹೊಸ ಪಾಠವಾಗಿದ್ದರೆ ಕ್ಷಮಿಸಬಹುದಿತ್ತು. ಅಧಿಕಾರವನ್ನು ಕೆಳಕ್ಕೆ ಇಳಿಸುವ ವಿಚಾರದಲ್ಲಿ ಕರ್ನಾಟಕ ದೇಶಕ್ಕೇ ದಾರಿ ತೋರಿದ ರಾಜ್ಯ. ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಅಬ್ದುಲ್ ನಜೀರ್ ಸಾಬ್ ಮುಂದೆ ನಿಂತು ತಂದ 1983ರ ಕಾಯ್ದೆಯ ಅಡಿಯಲ್ಲಿ 1987ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆಯಿತು. ಸಂವಿಧಾನದ 73ನೇ ತಿದ್ದುಪಡಿ ಬಂದದ್ದು ಅದಾದ ಎಷ್ಟೋ ವರ್ಷಗಳಿಗೆ. ಇಂದು ಅಕ್ಷರ ಕಲಿಯದ ಅಜ್ಜಿಯೊಬ್ಬಳು ಗ್ರಾಮಸಭೆಯಲ್ಲಿ ಎದ್ದು ನಿಂತು, ನಮ್ಮ ಕೇರಿಯ ಚರಂಡಿಗೆ ಬಂದ ದುಡ್ಡು ಏನಾಯಿತು ಎಂದು ಕೇಳಬಹುದು. 2005ರ ಉದ್ಯೋಗ ಖಾತರಿ ಕಾಯ್ದೆ ಸಾಮಾಜಿಕ ಪರಿಶೋಧನೆಯನ್ನು ಗ್ರಾಮಸಭೆಯ ಕೆಲಸವನ್ನಾಗಿಯೇ ಮಾಡಿತು. ಅದೇ ಅಜ್ಜಿಯ ಮೊಮ್ಮಗಳು ಸ್ನಾತಕೋತ್ತರ ಪದವಿಗೆಂದು ವಿಶ್ವವಿದ್ಯಾಲಯಕ್ಕೆ ಬಂದು, ಪ್ರವೇಶದ ರಸೀದಿಯಲ್ಲಿ ‘ಅಭಿವೃದ್ಧಿ ಶುಲ್ಕ’ ಎಂದು ಕಟ್ಟಿದ ಹಣದಲ್ಲಿ ಏನು ಅಭಿವೃದ್ಧಿಯಾಯಿತು ಎಂದು ಕೇಳಬೇಕೆಂದರೆ, ಎದ್ದು ನಿಲ್ಲಲು ಒಂದು ಸಭೆಯೇ ಇಲ್ಲ. ಸಲಹಾಪೆಟ್ಟಿಗೆ ಇದೆ. ಮೂಗಿಗೆ ತುಪ್ಪ ಸವರುವುದಕ್ಕೆ ಅದಕ್ಕಿಂತ ಒಳ್ಳೆಯ ಸಾಧನವನ್ನು ನಾನು ಕಂಡಿಲ್ಲ.

ಇನ್ನೊಂದು ವಿಚಿತ್ರವನ್ನೂ ನೋಡಿ. ಸಂವಿಧಾನದ 61ನೇ ತಿದ್ದುಪಡಿಯಿಂದ ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿದದ್ದು 1989ರಲ್ಲಿ. ಕರ್ನಾಟಕದ ಕಾಲೇಜು, ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆಗಳು ನಿಂತದ್ದೂ ಅದರ ಆಸುಪಾಸಿನಲ್ಲೇ. ದೇಶದ ಪ್ರಧಾನಿ ಯಾರಾಗಬೇಕೆಂದು ತೀರ್ಮಾನಿಸಲು ಸಾಕಷ್ಟು ಬುದ್ಧಿ ಬಂದಿದೆ ಎಂದು ಸಂವಿಧಾನ ಒಪ್ಪಿದ ಹೊತ್ತಿನಲ್ಲಿ, ಹಾಸ್ಟೆಲ್ ಮೆಸ್ಸಿನ ಬಗ್ಗೆ ತೀರ್ಮಾನಿಸುವಷ್ಟು ಬುದ್ಧಿ ಬಂದಿಲ್ಲ ಎಂದು ನಮ್ಮ ರಾಜ್ಯ ಹೇಳಿತು. ಚುನಾವಣೆಗಳಲ್ಲಿ ಹಿಂಸೆಯಾಗುತ್ತಿತ್ತು ಎಂಬುದು ಅದಕ್ಕೆ ಕೊಟ್ಟ ಕಾರಣ. ಹಿಂಸೆಯಿಲ್ಲದೆ, ಹಣದಬ್ಬರವಿಲ್ಲದೆ ಹೇಗೆ ನಡೆಸಬೇಕೆಂದು ಲಿಂಗ್ಡೋ ಸಮಿತಿ ಹೇಳಿ, ಸುಪ್ರೀಂ ಕೋರ್ಟ್ ಅದನ್ನು ಜಾರಿಗೊಳಿಸುವಂತೆ ಆದೇಶಿಸಿದ್ದು 2006ರಲ್ಲಿ. ಅದಾದ ಮೇಲೂ ವರ್ಷಗಳು ಉರುಳಿದವು. ಚುನಾಯಿತ ದನಿ ಇಲ್ಲದ ಕಡೆ ವಿದ್ಯಾರ್ಥಿಗಳಿಗೆ ಉಳಿಯುವುದು ಎರಡೇ ದಾರಿ: ಸುಮ್ಮನಿರುವುದು, ಇಲ್ಲವೇ ರಸ್ತೆಗಿಳಿಯುವುದು.

ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿಯಲ್ಲಿ ಆದದ್ದು ಅದೇ. ಸಾವಿರ ಎಕರೆಗೂ ಮಿಕ್ಕ ಆ ಆವರಣದೊಳಗಿನ ರಸ್ತೆಗಳು ಊರಿನ ವಾಹನಗಳಿಗೆ ಅಡ್ಡದಾರಿಯಾಗಿದ್ದವು. 2022ರ ಅಕ್ಟೋಬರ್‌ನಲ್ಲಿ ಸ್ನಾತಕೋತ್ತರ ವಿದ್ಯಾರ್ಥಿನಿಯೊಬ್ಬರು ಅಲ್ಲಿ ಬಸ್ಸಿನಡಿ ಸಿಲುಕಿ ತೀವ್ರವಾಗಿ ಗಾಯಗೊಂಡು, ಆಮೇಲೆ ತೀರಿಕೊಂಡರು. ಹೊರಗಿನ ವಾಹನಗಳ ಓಡಾಟ ನಿಲ್ಲಿಸಿ ಎಂದು ವಿದ್ಯಾರ್ಥಿಗಳು ರಸ್ತೆಯಲ್ಲೇ ಕುಳಿತರು. ಅದನ್ನು ಪತ್ರಿಕೆಗಳು ಪ್ರತಿಭಟನೆ ಎಂದು ಬರೆದವು, ಸರಿಯೇ. ನನಗೆ ಅದು ಕಾಣುವುದು ಬಹಳ ತಡವಾಗಿ ನಡೆದ ಯೋಜನಾ ಸಭೆಯ ಹಾಗೆ. ಆ ರಸ್ತೆಯನ್ನು ದಿನಕ್ಕೆ ನಾಲ್ಕು ಸಲ ದಾಟುವವರಿಗೆ ಅದರ ಅಪಾಯ ಗೊತ್ತಿರಲಿಲ್ಲವೇ? ಗೊತ್ತಿದ್ದದ್ದನ್ನು ಹೇಳುವುದಕ್ಕೆ, ಹೇಳಿದ್ದಕ್ಕೆ ಉತ್ತರ ಪಡೆಯುವುದಕ್ಕೆ ಜಾಗವಿದ್ದರೆ ಅದು ಒಂದು ಜೀವದ ಬೆಲೆಯಲ್ಲಿ ಚರ್ಚೆಗೆ ಬರಬೇಕಿರಲಿಲ್ಲ.

ನನ್ನ ಮಾತಿಗೆ ಬರುವ ಗಟ್ಟಿ ಆಕ್ಷೇಪಣೆ ಒಂದಿದೆ. ಒಳ್ಳೆಯ ಕ್ಯಾಂಪಸ್ಸುಗಳನ್ನು ಕಟ್ಟಿದವರು ದೊಡ್ಡ ಕನಸಿನ ಕುಲಪತಿಗಳು, ಸಮಿತಿಗಳಲ್ಲ ಎನ್ನುವುದು. ಮಾನಸಗಂಗೋತ್ರಿ ಎಂಬ ಹೆಸರಿನ ಹಿಂದೆಯೇ ಕುವೆಂಪು ಇದ್ದಾರೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಗುಡ್ಡದ ಮೇಲಿನ ಭವ್ಯತೆ ಡಿ.ಸಿ. ಪಾವಟೆಯವರ ಹಟದ ಫಲ. ಎರಡೂ ನಿಜ, ಇಬ್ಬರಿಗೂ ನಮಸ್ಕಾರ. ಆದರೆ ಪಾವಟೆಯವರು ಕುಲಪತಿಯಾಗಿದ್ದದ್ದು 1954ರಿಂದ 1967ರವರೆಗೆ, ಹದಿಮೂರು ವರ್ಷ. ಈಗಿನ ಕುಲಪತಿಗಳ ಅವಧಿ ನಾಲ್ಕು ವರ್ಷ. ಮೊದಲ ವರ್ಷ ಹಾರ ಹಾಕಿಸಿಕೊಳ್ಳುವುದರಲ್ಲಿ, ಕೊನೆಯ ವರ್ಷ ಮುಂದಿನವರು ಯಾರು ಎಂಬ ಗುಸುಗುಸುವಿನಲ್ಲಿ ಹೋಗುತ್ತದೆ. ನಡುವಿನ ಎರಡು ವರ್ಷದಲ್ಲಿ ಹೆಸರು ಉಳಿಯುವಂಥದ್ದು ಏನಾದರೂ ಮಾಡಬೇಕು. ಕಮಾನು, ಕಾರಂಜಿ, ಪ್ರತಿಮೆಗಳಲ್ಲಿ ಶಂಕುಸ್ಥಾಪನೆಯ ಕಲ್ಲಿಗೆ ಜಾಗವಿದೆ, ಒಡೆದ ಪೈಪಿನ ದುರಸ್ತಿಯಲ್ಲಿ ಇಲ್ಲ. ಕಟ್ಟುವುದಕ್ಕೆ ಒಬ್ಬರ ಕನಸು ಸಾಕಾಗಬಹುದು. ಕಟ್ಟಿದ್ದನ್ನು ಅರವತ್ತು ಎಪ್ಪತ್ತು ವರ್ಷ ಬಾಳಿಸಿಕೊಂಡು ಹೋಗುವುದಕ್ಕೆ ಅಲ್ಲಿ ಬದುಕುವವರ ನಿತ್ಯದ ಕಣ್ಣು ಬೇಕು. ಇಂದು ನಮ್ಮ ಹಳೆಯ ವಿಶ್ವವಿದ್ಯಾಲಯಗಳ ಮುಂದಿರುವುದು ಈ ಎರಡನೆಯ ಕೆಲಸ.

ಈ ಎರಡನೆಯ ಕೆಲಸವನ್ನು ಬಳಸುವವರ ಕೈಗೇ ಒಪ್ಪಿಸಿ ನೋಡಿದ ಉದಾಹರಣೆ ದೂರದ ಅಮೆರಿಕದಲ್ಲಿದೆ. 1960ರ ದಶಕದ ಕೊನೆಯ ವಿದ್ಯಾರ್ಥಿ ಚಳವಳಿಗಳ ಬಿಸಿ ಆರುವ ಮೊದಲೇ, ಒರೆಗಾನ್ ವಿಶ್ವವಿದ್ಯಾಲಯ ತನ್ನ ಕ್ಯಾಂಪಸ್ ಯೋಜನೆಗೆ ವಾಸ್ತುಶಿಲ್ಪಿ ಕ್ರಿಸ್ಟೋಫರ್ ಅಲೆಗ್ಸಾಂಡರ್ ಅವರ ತಂಡವನ್ನು ಕರೆಯಿತು. ಇಪ್ಪತ್ತು ವರ್ಷದ ನೀಲನಕ್ಷೆಯನ್ನು ಬರೆದು ಕೊಡಲು ಆ ತಂಡ ಒಪ್ಪಲಿಲ್ಲ. ಅದು ಕೊಟ್ಟದ್ದು ಆರು ತತ್ವಗಳನ್ನು; 1975ರಲ್ಲಿ ‘ದಿ ಒರೆಗಾನ್ ಎಕ್ಸ್‌ಪೆರಿಮೆಂಟ್’ ಎಂಬ ಪುಸ್ತಕವಾಗಿ ಅವು ಹೊರಬಂದವು. ಅವುಗಳಲ್ಲಿ ಮೂರು ನಮ್ಮ ಚರ್ಚೆಗೆ ನೇರವಾಗಿ ಸಂಬಂಧಿಸಿದವು. ಒಂದು, ಏನು ಕಟ್ಟಬೇಕು, ಹೇಗೆ ಕಟ್ಟಬೇಕು ಎಂಬ ತೀರ್ಮಾನ ಅದನ್ನು ಬಳಸುವ ವಿದ್ಯಾರ್ಥಿಗಳು, ಬೋಧಕರು, ಸಿಬ್ಬಂದಿಯ ಕೈಯಲ್ಲಿರಬೇಕು. ಎರಡು, ಹಣವನ್ನೆಲ್ಲ ದೊಡ್ಡ ಕಟ್ಟಡಗಳಿಗೆ ಸುರಿಯದೆ, ದೊಡ್ಡ, ಮಧ್ಯಮ, ಸಣ್ಣ ಕೆಲಸಗಳಿಗೆ ಸಮನಾಗಿ ಹಂಚಬೇಕು. ಮೂರು, ಕ್ಯಾಂಪಸ್ಸಿನ ಯಾವ ಜಾಗ ಜೀವಂತವಾಗಿದೆ, ಯಾವುದು ಸತ್ತಿದೆ ಎಂದು ವರ್ಷಕ್ಕೊಮ್ಮೆ ಪರೀಕ್ಷಿಸಿ ಗುರುತು ಹಾಕಬೇಕು, ವೈದ್ಯರು ನಾಡಿ ಹಿಡಿದು ನೋಡುವ ಹಾಗೆ. ಆ ತತ್ವಗಳೆಲ್ಲ ಅಕ್ಷರಶಃ ಜಾರಿಯಾದವೆಂದಲ್ಲ. ಆದರೂ ಬಳಸುವವರ ಗುಂಪುಗಳು ಕೂತು ಯೋಜಿಸುವ ಪದ್ಧತಿ ಅಲ್ಲಿ ಬೇರು ಬಿಟ್ಟಿತು.

ವಿದ್ಯಾರ್ಥಿಗಳು ಎರಡು ವರ್ಷದ ಅತಿಥಿಗಳು, ಅವರಿಗೇಕೆ ಈ ಉಸಾಬರಿ ಎಂಬ ಮಾತು ನಮ್ಮಲ್ಲಿ ಮತ್ತೆ ಮತ್ತೆ ಕೇಳುತ್ತದೆ. ಅಲೆಗ್ಸಾಂಡರ್ ಇದನ್ನೂ ಎದುರಿಸಿದ್ದರು. ಇಂದಿನ ವಿದ್ಯಾರ್ಥಿ ಹೊರಟುಹೋದರೂ ನಾಳೆ ಬರುವವರು ಅಂಥವರೇ. ಯಾರೋ ನಿಜವಾಗಿ ಬಳಸಿ ತಿಳಿದು ರೂಪಿಸಿದ ಜಾಗ, ಯಾರೂ ಬಳಸದೆ ಕಾಗದದ ಮೇಲೆ ರೂಪಿಸಿದ್ದಕ್ಕಿಂತ ಅವರಿಗೆ ಹೆಚ್ಚು ಒಗ್ಗುತ್ತದೆ. ನಮ್ಮ ಸಂದರ್ಭದಲ್ಲಿ ಇನ್ನೊಂದು ಮಾತು ಸೇರಿಸಬೇಕು. ಎರಡು ವರ್ಷದ ಅತಿಥಿಯ ಪಕ್ಕದಲ್ಲಿ ಮೂವತ್ತು ವರ್ಷದಿಂದ ಅಲ್ಲೇ ಇರುವ ಅಟೆಂಡರ್, ಐದಾರು ವರ್ಷ ಇರುವ ಸಂಶೋಧಕಿ, ನಿವೃತ್ತಿಯವರೆಗೆ ಇರುವ ಅಧ್ಯಾಪಕರು ಕೂರುತ್ತಾರೆ. ನೆನಪು ಅವರದು, ಅವಸರ ವಿದ್ಯಾರ್ಥಿಯದು. ಎರಡೂ ಬೇಕು.

ರಾಜಕೀಯ ನುಗ್ಗುತ್ತದೆ ಎಂಬ ಭಯಕ್ಕೆ ನನ್ನ ಉತ್ತರ ಚಿಕ್ಕದು. ಯಾವ ಗುತ್ತಿಗೆದಾರನಿಗೆ ಯಾವ ಕಾಮಗಾರಿ ಎಂಬಲ್ಲಿ ಈಗ ಇರುವುದೇನು, ವೇದಾಂತವೇ?

ಹಾಗಾದರೆ ಬೇಕಾದದ್ದು ಏನು? ಘೋಷಣೆಗಳಿಗಿಂತ ಕೆಲಸಕ್ಕೆ ಬರುವ ನಾಲ್ಕು ಸಣ್ಣ ಹಕ್ಕುಗಳು. ಪ್ರತಿ ಕಾಮಗಾರಿಯ ನಕ್ಷೆ, ಅಂದಾಜು ವೆಚ್ಚವನ್ನು ಟೆಂಡರಿಗೆ ಮೊದಲು, ಕನ್ನಡದಲ್ಲಿ, ಅದು ನಡೆಯಲಿರುವ ಜಾಗದಲ್ಲೇ ಪ್ರಕಟಿಸಬೇಕು. ಆಕ್ಷೇಪಣೆಗೆ ಲಿಖಿತ ಉತ್ತರ ಕೊಡಬೇಕು. ವರ್ಷದ ದುರಸ್ತಿ ಹಣದ ಒಂದು ಭಾಗವನ್ನು ವಿದ್ಯಾರ್ಥಿ, ಬೋಧಕ, ಬೋಧಕೇತರರ ಜಂಟಿ ಸಮಿತಿಯ ತೀರ್ಮಾನಕ್ಕೆ ಬಿಡಬೇಕು. ಆ ಸಮಿತಿಗೆ ಬರುವವರನ್ನು ವಿಭಾಗಗಳು, ಹಾಸ್ಟೆಲ್‌ಗಳು, ಕೆಲಸಗಾರರು ತಾವೇ ಆರಿಸಬೇಕು, ಮೇಲಿನವರು ನಾಮಕರಣ ಮಾಡಬಾರದು. ಹೊರಗುತ್ತಿಗೆ ನೌಕರರು ಸಭೆಗೆ ಕೂತ ಹೊತ್ತಿಗೆ ಸಂಬಳ ಕತ್ತರಿಸಬಾರದು, ಆಡಿದ ಮಾತಿಗೆ ಕೆಲಸ ಕಳೆಯಬಾರದು ಎಂಬುದು ಏಜೆನ್ಸಿಯ ಕರಾರಿನಲ್ಲೇ ಇರಬೇಕು. ನಾಲ್ಕನೆಯದು ನನಗೆ ಎಲ್ಲಕ್ಕಿಂತ ಮುಖ್ಯ: ಕೆಲಸ ಮುಗಿದ ಮೇಲೆ ಬಳಸುವವರು ನೋಡಿ ಸಹಿ ಹಾಕುವವರೆಗೆ ಗುತ್ತಿಗೆದಾರನ ಕೊನೆಯ ಕಂತು ಬಿಡುಗಡೆಯಾಗಬಾರದು. ಗಾಲಿಕುರ್ಚಿಯವರು ಹತ್ತಿ ತೋರಿಸಲಿ, ರ‍್ಯಾಂಪಿನ ಬಿಲ್ ಆಮೇಲೆ.

ಇವನ್ನು ಯಾರೂ ತಾವಾಗಿ ಕೊಡುವುದಿಲ್ಲ. ಕೊಡುವವರೆಗೂ ನಮ್ಮ ಕೈಯಲ್ಲಿ ಏನೂ ಇಲ್ಲ ಎನ್ನುವಂತೆಯೂ ಇಲ್ಲ. ಮಾಹಿತಿ ಹಕ್ಕು ಕಾಯ್ದೆ ಸರ್ಕಾರಿ ವಿಶ್ವವಿದ್ಯಾಲಯಗಳಿಗೂ ಅನ್ವಯಿಸುತ್ತದೆ, ಅರ್ಜಿಯ ಶುಲ್ಕ ಹತ್ತು ರೂಪಾಯಿ. ಹಾಸ್ಟೆಲಿನ ಒಂದು ಕೋಣೆಯವರು ಕೂತು ಬರೆದರೆ ಒಂದು ಸಂಜೆಯ ಕೆಲಸ. ಮುಂದಿನ ಸಲ ಶ್ರಮದಾನದ ಸುತ್ತೋಲೆ ಬಂದಾಗ ಹೋಗೋಣ, ಗುಡಿಸೋಣ. ಬೆವರು ಒರೆಸಿಕೊಂಡು, ಪೊರಕೆ ಕೆಳಗಿಡುವ ಮೊದಲು, ಫೋಟೊಗೆ ಬಂದು ನಿಂತ ಅಧಿಕಾರಿಗಳನ್ನು ಒಟ್ಟಾಗಿ ಕೇಳೋಣ: ಈ ವರ್ಷದ ಕಾಮಗಾರಿಗಳ ಪಟ್ಟಿ ಎಲ್ಲಿದೆ ಸರ್?