ಮಿರ್ಚಿ ಕರಿಯೋಕೆ ಆಲಿವ್ ಎಣ್ಣೆ ಯಾಕ್ರೀ?

ದಾವಣಗೆರೆಯಲ್ಲಿ ಮನೆಯಲ್ಲೇ ಕೇಕ್ ಮಾಡಿ ಮಾರುವವಳು ನಾನು. ಬೆಣ್ಣೆ ದೋಸೆಯ ಊರಲ್ಲಿ ಬೆಣ್ಣೆಗೇನು ಬರವಿಲ್ಲ. ಆದರೂ ಈಚೆಗೆ ಗಿರಾಕಿಗಳು ಮೊದಲು ಕೇಳುವುದು, "ಮೇಡಂ, ಆಲಿವ್ ಆಯಿಲ್‌ನಾಗೆ ಮಾಡಿಕೊಡ್ತೀರಾ?" ಅಂತ. ಸಂತೋಷವಾಗಿ ಮಾಡಿಕೊಡುತ್ತೇನೆ. ನನ್ನ ತಕರಾರು ಮಿರ್ಚಿ ಕರಿಯಲೆಂದು ಅವರ ಅಡುಗೆಮನೆಯಲ್ಲಿ ತಂದಿಟ್ಟ ಐದು ಲೀಟರ್ ಡಬ್ಬದ ಬಗ್ಗೆ.

ಆ ಡಬ್ಬದ ಮೇಲೆ 'ಆಲಿವ್' ದಪ್ಪಕ್ಷರದಲ್ಲಿ, 'ಪೊಮೇಸ್' ಸಣ್ಣಕ್ಷರದಲ್ಲಿ ಇರುತ್ತದೆ. ಹಣ್ಣು ಅರೆದು ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿಗೆ ದ್ರಾವಕ ಹಾಕಿ, ಅಳಿದುಳಿದ ಎಣ್ಣೆಯನ್ನು ಹೊರತೆಗೆದು, ಶುದ್ಧೀಕರಿಸಿ, ಸ್ವಲ್ಪ ವರ್ಜಿನ್ ಎಣ್ಣೆ ಬೆರೆಸಿದರೆ ಅದೇ ಪೊಮೇಸ್. ಶೇಂಗಾ ಹಿಂಡಿಯನ್ನು ನಾವು ಎಮ್ಮೆಗೆ ಹಾಕುತ್ತೇವೆ! ವಿಷವೇನಲ್ಲ ಬಿಡಿ, ಹೃದಯಕ್ಕೆ ಹಿತವೆನ್ನುವ ಓಲಿಯಿಕ್ ಆಮ್ಲ ಅದರಲ್ಲೂ ಇದೆ. ಆದರೆ ಆಲಿವ್ ಎಣ್ಣೆಯ ವಿಶೇಷವಾದ ಪಾಲಿಫೀನಾಲ್‌ಗಳು ಶುದ್ಧೀಕರಣದಲ್ಲೇ ಬಹುಪಾಲು ಹೋಗಿಬಿಟ್ಟಿರುತ್ತವೆ.

ಆಲಿವ್ ಎಣ್ಣೆ ಹೃದಯಕ್ಕೆ ಒಳ್ಳೆಯದೆನ್ನಲು ಎಲ್ಲರೂ ಹೆಸರು ಹೇಳುವ ಸ್ಪೇನಿನ 'ಪ್ರೆಡಿಮೆಡ್' ಅಧ್ಯಯನದಲ್ಲಿ ಒಂದು ಗುಂಪಿನವರಿಗೆ ವಾರಕ್ಕೊಂದು ಲೀಟರ್ ಎಣ್ಣೆಯನ್ನು ಪುಕ್ಕಟೆ ಕೊಟ್ಟಿದ್ದರು. ಅದು ಎಕ್ಸ್‌ಟ್ರಾ ವರ್ಜಿನ್, ಅಂದರೆ ಹಣ್ಣು ಅರೆದು ನೇರವಾಗಿ ತೆಗೆದ, ಶುದ್ಧೀಕರಿಸದ ಎಣ್ಣೆ. 2013ರಲ್ಲಿ ಬಂದ ಅದರ ವರದಿಯನ್ನು, ಗುಂಪು ವಿಂಗಡಿಸಿದ ರೀತಿಯಲ್ಲೇ ದೋಷವಿತ್ತೆಂದು ಹಿಂಪಡೆದು, 2018ರಲ್ಲಿ ಮತ್ತೆ ಲೆಕ್ಕ ಹಾಕಿ ಪ್ರಕಟಿಸಿದರು. ಹೃದಯಾಘಾತ, ಪಾರ್ಶ್ವವಾಯುವಿನಂಥ ತೊಂದರೆ ಸುಮಾರು ಶೇ 30ರಷ್ಟು ಕಡಿಮೆ ಎಂಬ ಫಲಿತಾಂಶ ಹೆಚ್ಚುಕಡಿಮೆ ಹಾಗೇ ಉಳಿಯಿತು. ಆದರೆ ಅವರ ತಟ್ಟೆಯಲ್ಲಿ ತರಕಾರಿ, ಕಾಳು, ಹಣ್ಣು, ಮೀನು ಇದ್ದವು. ಮಿರ್ಚಿ-ಮಂಡಕ್ಕಿ ಇರಲಿಲ್ಲ.

ಒಳ್ಳೆಯ ಎಣ್ಣೆ ಗುರುತಿಸಲು ನಾನು ಅರ್ಧ ಚಮಚ ಹಾಗೇ ಬಾಯಿಗೆ ಹಾಕಿಕೊಳ್ಳುತ್ತೇನೆ. ಮೊದಲು ಹಸಿ ಎಲೆಯ ವಾಸನೆ, ನಾಲಿಗೆಗೆ ಸ್ವಲ್ಪ ಕಹಿ, ನುಂಗಿದ ಮೇಲೆ ಗಂಟಲಲ್ಲಿ ಚುರುಕ್ ಎಂದು ಉರಿದು ಕೆಮ್ಮು. ಆ ಉರಿ ಓಲಿಯೋಕ್ಯಾಂಥಾಲ್ ಎಂಬ ಅಂಶದ್ದು. ಐಬುಪ್ರೊಫೆನ್ ಮಾತ್ರೆಯಂತೆಯೇ ಅದು ಉರಿಯೂತದ ಕಿಣ್ವಗಳನ್ನು ತಡೆಯುತ್ತದೆಂದು 2005ರಲ್ಲಿ ವಿಜ್ಞಾನಿಗಳು ತೋರಿಸಿದರು. ಪೊಮೇಸ್ ಕುಡಿದು ನೋಡಿ, ಬರೀ ಜಿಡ್ಡು.

ಇಂಥ ಎಣ್ಣೆಗೆ ಕೇಕ್ ಸರಿಯಾದ ಜಾಗ. ನೂರು ಗ್ರಾಂ ಬೆಣ್ಣೆಯ ಬದಲು 75–80 ಗ್ರಾಂ ಎಣ್ಣೆ ಸಾಕು, ಬೆಣ್ಣೆಯಲ್ಲಿ ನೀರಿನಂಶ ಇರುತ್ತದಲ್ಲ. ಕಿತ್ತಳೆ ಸಿಪ್ಪೆಯ ತುರಿಯನ್ನು ಸಕ್ಕರೆಯಲ್ಲಿ ಬೆರಳಿಂದ ತಿಕ್ಕಿ, ಮೊಟ್ಟೆ ಹಾಕಿ ಬೆಳ್ಳಗೆ ನೊರೆ ಬರುವವರೆಗೆ ಕಡೆದು, ಎಣ್ಣೆಯನ್ನು ಸಣ್ಣ ಧಾರೆಯಾಗಿ ಬಿಡಬೇಕು. ಬೆಣ್ಣೆ ಕೇಕು ತಣ್ಣಗಾದಂತೆ ಬಿಗಿಯುತ್ತದೆ, ಇದು ಮೂರನೇ ದಿನವೂ ಮೆತ್ತಗಿರುತ್ತದೆ. ಹಾಗಂತ ಕೇಕು ಔಷಧಿಯಲ್ಲ. ಮೈದಾ, ಸಕ್ಕರೆ ಎಲ್ಲಿಗೂ ಹೋಗಿಲ್ಲ, ಎಣ್ಣೆಯ ಕ್ಯಾಲೊರಿಯೂ ದೊಡ್ಡ ಚಮಚಕ್ಕೆ (ಟೇಬಲ್ ಸ್ಪೂನ್) ಸುಮಾರು 120, ಶೇಂಗಾ ಎಣ್ಣೆಯಷ್ಟೇ. ಬೆಣ್ಣೆ, ಡಾಲ್ಡಾ ಬಿಟ್ಟು ಇದನ್ನು ಹಾಕಿದರೆ ಲಾಭ, ಅವುಗಳ ಜೊತೆಗೆ ಸೇರಿಸಿದರೆ ಹೆಚ್ಚುವುದು ಸೊಂಟದ ಸುತ್ತಳತೆ.

ಕಾಯಿಸಿದರೆ ಆಲಿವ್ ಎಣ್ಣೆ ವಿಷವಾಗುತ್ತದೆ ಎನ್ನುವುದೂ ಸುಳ್ಳು. ಎಕ್ಸ್‌ಟ್ರಾ ವರ್ಜಿನ್ ಹೊಗೆಯಾಡುವುದು 190 ಡಿಗ್ರಿ ಸೆಲ್ಸಿಯಸ್‌ನ ಆಚೀಚೆ, ಪಲ್ಯದ ಒಗ್ಗರಣೆಗೆ ಧಾರಾಳವಾಗಿ ಹಾಕಬಹುದು. ಚಿತ್ರಾನ್ನಕ್ಕೆ ಮಾತ್ರ ಆ ವಾಸನೆ ಒಗ್ಗದು, ಇದು ನನ್ನ ನಾಲಿಗೆಯ ಮಾತು.

ಮುಂದಿನ ಸಲ ಕಡು ಬಣ್ಣದ ಸಣ್ಣ ಬಾಟಲಿ ತನ್ನಿ. ಎಕ್ಸ್‌ಟ್ರಾ ವರ್ಜಿನ್ ಎಂದಿದೆಯೇ, ತಯಾರಾದ ದಿನಾಂಕ ಹತ್ತಿರದ್ದೇ ನೋಡಿ. ಒಲೆಯಿಂದ ದೂರವಿಟ್ಟು, ತೆರೆದ ಮೇಲೆ ಎರಡು ಮೂರು ತಿಂಗಳಲ್ಲಿ ಮುಗಿಸಿ. ಮಿರ್ಚಿ ಕರಿಯಲು ಶೇಂಗಾ ಎಣ್ಣೆ ಇದೆ. ಆ ಐದು ಲೀಟರ್ ಡಬ್ಬ ಖಾಲಿಯಾದ ಮೇಲೆ ಮತ್ತೆ ತರಬೇಡಿ.