ಹೋಮ್ ಮಿನಿಸ್ಟರ್ ಪರ್ಮಿಷನ್ ಕೊಟ್ರಾ?

ಇರುಂಗಾಟ್ಟುಕೋಟ್ಟೈ ರೇಸ್ ಟ್ರ್ಯಾಕಿನ ಗ್ಯಾರೇಜಿನಲ್ಲಿ ಬೆಳಿಗ್ಗೆ ಏಳು ಗಂಟೆಗೆ ಕೇಳಿಬರುವ ಮೊದಲ ಜೋಕು ಯಾವತ್ತೂ ಒಂದೇ: "ಏನ್ ಗುರೂ, ಹೋಮ್ ಮಿನಿಸ್ಟರ್ ಪರ್ಮಿಷನ್ ಕೊಟ್ರಾ?" ತಮಿಳಿನವನು ತಮಿಳಲ್ಲಿ ಕೇಳುತ್ತಾನೆ, ತೆಲುಗಿನವನು ತೆಲುಗಲ್ಲಿ. ಎಲ್ಲರೂ ನಗುತ್ತಾರೆ. ನಾನೂ ಐದು ವರ್ಷ ನಕ್ಕಿದ್ದೇನೆ. ಈಗ ನಗು ಬರುವುದಿಲ್ಲ. ಯಾಕೆ ಅಂತ ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಮೈಸೂರಿನವನು. ಎಂಟೆಕ್ ಮುಗಿಸಿ ಚೆನ್ನೈಗೆ ಬಂದು ಇಪ್ಪತ್ತು ವರ್ಷವಾಗುತ್ತ ಬಂತು. ಓಎಂಆರ್‌ನ ಒಂದು ಐಟಿ ಕಂಪನಿಯಲ್ಲಿ ಪ್ರಾಜೆಕ್ಟ್ ಮ್ಯಾನೇಜರ್. ನಮ್ಮ ದೊಡ್ಡಪ್ಪ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. 1996ರಲ್ಲಿ ಕಾರ್ಖಾನೆ ಮುಚ್ಚಿದ ಮೇಲೂ ಅವರ ಅಂಗಳದಲ್ಲಿ ಸದಾ ಯಾರದೋ ಒಂದು ಜಾವಾ ಬಿಚ್ಚಿಕೊಂಡು ಬಿದ್ದಿರುತ್ತಿತ್ತು. ಮದರಾಸಿನ ಹತ್ತಿರ ಶೋಲಾವರಂನಲ್ಲಿ ಯುದ್ಧಕಾಲದ ವಿಮಾನ ಪಟ್ಟಿಯ ಮೇಲೆ ನಡೆಯುತ್ತಿದ್ದ ರೇಸುಗಳ ಕಥೆ ಅವರ ಬಾಯಲ್ಲೇ ಕೇಳಿದ್ದು. ಆ ಹುಚ್ಚು ಎಲ್ಲೋ ಒಳಗೆ ಉಳಿದಿತ್ತು. ಮೂವತ್ತೆಂಟನೇ ವಯಸ್ಸಿಗೆ, ಎರಡು ಮಕ್ಕಳಾದ ಮೇಲೆ, ಶ್ರೀಪೆರಂಬದೂರಿನ ಹತ್ತಿರದ ಈ ಟ್ರ್ಯಾಕಿಗೆ ಮೊದಲ ಸಲ ಇಳಿದೆ.

ಸುಮಾರು 3.7 ಕಿಲೋಮೀಟರ್, ಹನ್ನೆರಡು ತಿರುವು. ನಾನು ಅಲ್ಲಿ ಗೆಲ್ಲುವವನೇನಲ್ಲ. ಹವ್ಯಾಸಿಗಳ ಗುಂಪಿನಲ್ಲಿ ಮಧ್ಯಕ್ಕಿಂತ ಸ್ವಲ್ಪ ಹಿಂದೆ. ಆದರೆ ನೇರ ರಸ್ತೆಯ ಕೊನೆಯಲ್ಲಿ ಎಲ್ಲಿ ಬ್ರೇಕ್ ಹಿಡಿಯಬೇಕು, ಬೈಕನ್ನು ಎಷ್ಟು ವಾಲಿಸಬೇಕು, ತಿರುವಿನ ಯಾವ ಬಿಂದುವಿನಲ್ಲಿ ಥ್ರಾಟಲ್ ತೆರೆಯಬೇಕು ಎನ್ನುವುದನ್ನು ಬಿಟ್ಟು ಆ ಎರಡು ಚಿಲ್ಲರೆ ನಿಮಿಷ ತಲೆಯಲ್ಲಿ ಬೇರೇನೂ ಇರುವುದಿಲ್ಲ. ಕ್ಲೈಂಟ್ ಇಲ್ಲ, ಅಪ್ರೈಸಲ್ ಇಲ್ಲ. ಕಥೆ ಬರೆಯುವ ಗೆಳೆಯರು ಒಳ್ಳೆಯ ಪ್ಯಾರಾ ಒಂದು ಸಿಕ್ಕ ದಿನದ ಬಗ್ಗೆ ಹೇಳುವಾಗ, ಅದೇ ಇದು ಅನಿಸಿದೆ. ಹಾಗಾಗಿ ಹವ್ಯಾಸದ ವಿರುದ್ಧ ನನ್ನ ತಕರಾರಿಲ್ಲ. ಹವ್ಯಾಸದ ಬಗ್ಗೆ ನಾವು ಹೇಳಿಕೊಳ್ಳುವ ಸುಳ್ಳಿನ ವಿರುದ್ಧ ಇದೆ.

ಆ ಸುಳ್ಳು ಹೀಗಿದೆ. "ಮನಸ್ಸಿದ್ದರೆ ಸಮಯ ಸಿಕ್ಕೇ ಸಿಗುತ್ತೆ." ನಮ್ಮ ಕನ್ನಡ ಬಳಗದ ಭೇಟಿಗಳಲ್ಲಿ ಇದನ್ನು ಎಷ್ಟು ಸಲ ಕೇಳಿದ್ದೇನೋ. ಮ್ಯಾರಥಾನ್ ಓಡುವವರು, ನಾಟಕ ಆಡುವವರು, ಹಕ್ಕಿಯ ಫೋಟೋ ತೆಗೆಯುವವರು, ಕಾದಂಬರಿ ಬರೆಯುವವರು ಎಲ್ಲರೂ ಹೇಳುತ್ತಾರೆ. ಸಮಯ ಸಿಗುವುದಿಲ್ಲ, ಸ್ವಾಮಿ. ದಿನಕ್ಕೆ ಇಪ್ಪತ್ತನಾಲ್ಕೇ ಗಂಟೆ. ನಮಗೆ ಸಿಕ್ಕಿತು ಅಂದರೆ ಬೇರೆ ಯಾರೋ ಕೊಟ್ಟಿದ್ದಾರೆ ಎಂದರ್ಥ. ಕೊಟ್ಟವರ ಹೆಸರನ್ನು ನಾವು ಹೇಳುವುದಿಲ್ಲ. ಹೇಳಿದರೂ ಪುಸ್ತಕದ ಅರ್ಪಣೆಯ ಪುಟದಲ್ಲಿ, ಇಲ್ಲವೇ ಟ್ರೋಫಿ ಹಿಡಿದ ಫೋಟೋದ ಕೆಳಗೆ: "ನನ್ನ ಶಕ್ತಿ, ನನ್ನ ಹೆಂಡತಿ."

ನನಗೆ ಇದು ಅರ್ಥವಾದದ್ದು ಬಿದ್ದಮೇಲೆ. 2022ರ ಡಿಸೆಂಬರ್‌ನ ಒಂದು ಭಾನುವಾರ, ತಿರುವೊಂದರಲ್ಲಿ ಮುಂದಿನ ಟೈರ್ ಜಾರಿತು. ಕಾಲರ್ ಬೋನ್ ಎರಡು ತುಂಡು, ಎರಡು ಪಕ್ಕೆಲುಬಿಗೆ ಬಿರುಕು. ಟ್ರ್ಯಾಕಿನಲ್ಲಿ ಮಾರ್ಷಲ್‌ಗಳು ಓಡಿಬಂದರು, ಆಂಬುಲೆನ್ಸ್ ಇತ್ತು, ಆ ಮಟ್ಟಿಗೆ ಎಲ್ಲ ಸರಿಯಾಗಿಯೇ ನಡೆಯಿತು. ನನ್ನ ಪಾಲಿನ ಕಥೆ ಅಷ್ಟೇ. ಉಳಿದದ್ದು ಅವಳ ಕಥೆ. ಮಧ್ಯಾಹ್ನ ಮೂರಕ್ಕೆ ಗೊತ್ತಿಲ್ಲದ ನಂಬರಿನಿಂದ ಫೋನು. ಒಂಬತ್ತು ಮತ್ತು ಐದು ವರ್ಷದ ಮಕ್ಕಳನ್ನು ಪಕ್ಕದ ಫ್ಲಾಟಿನವರಲ್ಲಿ ಬಿಟ್ಟು, ಸಕ್ಕರೆ ಕಾಯಿಲೆಯ ನಮ್ಮಮ್ಮನಿಗೆ ಏನೂ ಹೇಳದೆ, ಕ್ಯಾಬ್ ಹಿಡಿದು ಐವತ್ತು ಕಿಲೋಮೀಟರ್. ಡ್ರೈವರ್ ಹತ್ತಿರ, ರಿಸೆಪ್ಷನ್‌ನವರ ಹತ್ತಿರ, ನರ್ಸ್ ಹತ್ತಿರ ಎಲ್ಲ ತನ್ನ ಅರೆಬರೆ ತಮಿಳು. ರಾತ್ರಿ ಹತ್ತಕ್ಕೆ ಆಪರೇಷನ್ ಕಾಗದದ ಮೇಲೆ ಒಬ್ಬಳೇ ನಿಂತು ಸಹಿ.

ಮೈಸೂರಿನಲ್ಲಾಗಿದ್ದರೆ ಐದು ಮನೆಯವರು ಬಂದು ನಿಲ್ಲುತ್ತಿದ್ದರು. ವಲಸೆ ಬಂದ ನಾವೆಲ್ಲ ಯೋಚಿಸಬೇಕಾದ ಮಾತು ಇದು. ನಮ್ಮ ಕಡೆ ಹವ್ಯಾಸಿಗಳಿಗೆ ದೊಡ್ಡ ಪರಂಪರೆಯೇ ಇದೆ. ರಾತ್ರಿಯಿಡೀ ಯಕ್ಷಗಾನದ ವೇಷ ಕಟ್ಟಿದವರು, ಆಫೀಸು ಮುಗಿಸಿ ಹವ್ಯಾಸಿ ನಾಟಕದ ರಿಹರ್ಸಲ್‌ಗೆ ಓಡಿದವರು, ಭಜನೆ, ಇಸ್ಪೀಟು, ಸಂಗೀತ ಕಛೇರಿ. ಅವರ ಮನೆ ಹೇಗೆ ನಡೆಯಿತು? ಅತ್ತೆ, ಅತ್ತಿಗೆ, ನಾದಿನಿ, ಅಜ್ಜಿ ಎಂದು ನಾಲ್ಕೈದು ಹೆಂಗಸರು ಹಂಚಿಕೊಂಡು ಹೊತ್ತರು. ಅದು ನ್ಯಾಯವಾಗಿರಲಿಲ್ಲ. ಆದರೆ ಭಾರ ಹಂಚಿತ್ತು, ಹಾಗಾಗಿ ಕಾಣಿಸಲಿಲ್ಲ. ನಾವು ಆ ಅಪ್ಪಂದಿರ ಹವ್ಯಾಸವನ್ನು ಸೂಟ್‌ಕೇಸಿನಲ್ಲಿ ಹಾಕಿಕೊಂಡು ಪುಣೆಗೋ ಹೈದರಾಬಾದಿಗೋ ಬಂದೆವು. ಆ ನಾಲ್ಕೈದು ಹೆಂಗಸರನ್ನು ಊರಲ್ಲೇ ಬಿಟ್ಟೆವು. ಈಗ ಅವರೆಲ್ಲರ ಕೆಲಸ ಎರಡು ಬೆಡ್‌ರೂಮಿನ ಫ್ಲಾಟಿನಲ್ಲಿ ಒಬ್ಬಳ ಮೇಲೆ ಬಿದ್ದಿದೆ. ಅವಳಿಗೂ ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಕಾಲ್ ಇರುತ್ತದೆ.

ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆ ಇದನ್ನೇ ಅಂಕಿಯಲ್ಲಿ ಹೇಳುತ್ತದೆ. ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ, ಗಂಡಸರು 97. ಅದೂ ಮನೆಗೆಲಸ ಮಾಡುವ ಗಂಡಸರ ಸರಾಸರಿ. ಮಾಡುವವರೇ ನಾಲ್ವರಲ್ಲಿ ಒಬ್ಬರು. ವ್ಯತ್ಯಾಸ ದಿನಕ್ಕೆ 202 ನಿಮಿಷ, ವಾರಕ್ಕೆ ಇಪ್ಪತ್ಮೂರು ಗಂಟೆಗೂ ಹೆಚ್ಚು. ಒಂದು ರೇಸ್ ವೀಕೆಂಡಿಗೆ ನನಗೆ ಬೇಕಾದಷ್ಟೇ ಹೊತ್ತು. ಎಲ್ಲಿಂದ ಸಿಗುತ್ತದೆ ಎಂದು ಕೇಳುತ್ತಿದ್ದವರಿಗೆ ಉತ್ತರ ಇಲ್ಲಿದೆ.

ಬಿದ್ದ ಮೇಲೆ ಹದಿನಾಲ್ಕು ತಿಂಗಳು ಬೈಕ್ ಮುಟ್ಟಲಿಲ್ಲ. ಹಿರಿಯರಿಗೆ ಸಮಾಧಾನವಾಯಿತು. "ಹೆಂಡ್ತಿ ಮಕ್ಕಳಾದ ಮೇಲೆ ಇದೆಲ್ಲ ಯಾಕಪ್ಪ" ಎನ್ನುತ್ತಿದ್ದವರು ಅವರೇ. ಆ ಮಧ್ಯೆ, 2023ರ ಆಗಸ್ಟಿನಲ್ಲಿ, ಇದೇ ಟ್ರ್ಯಾಕಿನಲ್ಲಿ ರಾಷ್ಟ್ರೀಯ ಚಾಂಪಿಯನ್‌ಶಿಪ್ ರೇಸಿನಲ್ಲಿ ಬೆಂಗಳೂರಿನ ಹದಿಮೂರು ವರ್ಷದ ಹುಡುಗನೊಬ್ಬ ಬಿದ್ದು ತೀರಿಕೊಂಡ. ಸುದ್ದಿ ಓದಿ ನನ್ನ ಹೆಂಡತಿ ಏನೂ ಹೇಳಲಿಲ್ಲ. ಫೋನ್ ಕೆಳಗಿಟ್ಟು ಮಗನನ್ನು ಊಟಕ್ಕೆ ಕರೆದಳು. ಅಪಾಯವನ್ನು ನಾವು ಸವಾರರು "ಲೆಕ್ಕ ಹಾಕಿದ ರಿಸ್ಕ್" ಎನ್ನುತ್ತೇವೆ. ಆ ಲೆಕ್ಕದಲ್ಲಿ ಊಟಕ್ಕೆ ಕರೆಯುವವರ ಕಾಲಮ್ಮೇ ಇರುವುದಿಲ್ಲ.

ಹಾಗಾದರೆ ಹಿರಿಯರು ಹೇಳಿದ್ದೇ ಸರಿಯೇ? ಹವ್ಯಾಸ ಬಿಟ್ಟುಬಿಡುವುದೇ ಉತ್ತರವೇ? ನಾನೂ ಹಾಗೆಂದುಕೊಂಡಿದ್ದೆ. ಆ ಹದಿನಾಲ್ಕು ತಿಂಗಳ ಭಾನುವಾರಗಳು ಎಲ್ಲಿಗೆ ಹೋದವು ಎಂದು ಪ್ರಾಮಾಣಿಕವಾಗಿ ನೋಡಿದೆ. ಅವಳಿಗೆ ಸಿಗಲಿಲ್ಲ. ಅರ್ಧ ಆಫೀಸಿನ ಲ್ಯಾಪ್‌ಟಾಪಿಗೆ ಹೋದವು, ಅರ್ಧ ಸೋಫಾದ ಮೇಲೆ ಫೋನ್ ತಿಕ್ಕುತ್ತ ಹೋದವು. ಮೇಲೆ, ನಿಮಗೋಸ್ಕರ ಬಿಟ್ಟೆ ಎನ್ನುವ ಮುಖ ಬೇರೆ. ತ್ಯಾಗ ಮಾಡಿದ ಅಪ್ಪ ಮನೆಯಲ್ಲಿ ಕೂತರೆ ಆ ಮನೆಯ ಗಾಳಿ ಹೇಗಿರುತ್ತದೆ ಎಂದು ಹೆಂಡತಿ ಮಕ್ಕಳನ್ನೇ ಕೇಳಬೇಕು. "ಮನಸ್ಸಿದ್ದರೆ ಸಮಯ" ಎನ್ನುವವರಿಗೂ "ಎಲ್ಲ ಬಿಟ್ಟುಬಿಡು" ಎನ್ನುವವರಿಗೂ ವ್ಯತ್ಯಾಸ ಹೆಚ್ಚಿಲ್ಲ. ಇಬ್ಬರ ಮಾತಿನಲ್ಲೂ ಕಥಾನಾಯಕ ನಾನೇ.

ಮತ್ತೆ ಟ್ರ್ಯಾಕಿಗೆ ಹೋಗಬೇಕು ಅನಿಸಿದಾಗ ನನಗೆ ಗೊತ್ತಿರುವ ಕೆಲಸ ಮಾಡಿದೆ. ಎಕ್ಸೆಲ್ ಶೀಟ್ ತೆರೆದೆ. ಒಂದು ರೇಸ್ ವೀಕೆಂಡಿಗೆ ತಗಲುವ ಗಂಟೆ, ದುಡ್ಡು, ತಯಾರಿ. ಹೆಂಡತಿಗೆ ತೋರಿಸಿ ಒಪ್ಪಿಸುವುದು ನನ್ನ ಪ್ಲಾನ್. ಅವಳು ಓದಿ, "ಇದ್ರಲ್ಲಿ ನಿಮ್ಮ ಗಂಟೆ ಮಾತ್ರ ಇದೆ, ನನ್ನ ಕಾಲಮ್ ಎಲ್ಲಿ?" ಎಂದಳು. ನೀನೇ ಹಾಕು ಎಂದೆ. ಆ ರಾತ್ರಿ ಹಾಕಿದಳು. ಶನಿವಾರ ಮಗನ ಈಜಿನ ಕ್ಲಾಸು, ಮಗಳ ಬರ್ತ್‌ಡೇ ಪಾರ್ಟಿಗೆ ಕರಕೊಂಡು ಹೋಗಿ ಬರುವುದು, ಅಮ್ಮನ ಇನ್ಸುಲಿನ್ ಮೂರು ಹೊತ್ತು, ನೀರಿನ ಟ್ಯಾಂಕರ್ ಬಂದಾಗ ಕೆಳಗಿಳಿದು ನಿಲ್ಲುವುದು, ಅಡಿಗೆ, ಪ್ರಾಜೆಕ್ಟ್ ವರ್ಕಿಗೆ ಥರ್ಮೋಕೋಲ್ ತರುವುದು. ಕೊನೆಯ ಸಾಲು ಹೀಗಿತ್ತು: "ಭಾನುವಾರ 2ರಿಂದ 5, ಫೋನ್ ಕೈಯಲ್ಲಿ ಹಿಡಿದುಕೊಂಡು ಕೂತಿರುವುದು, 3 ಗಂಟೆ."

ಹದಿನೆಂಟು ವರ್ಷದಿಂದ ಪ್ರಾಜೆಕ್ಟ್ ನಡೆಸುತ್ತಿದ್ದೇನೆ. ಟೀಮಿನಲ್ಲಿ ಒಬ್ಬರ ಶ್ರಮವನ್ನು ಸೊನ್ನೆ ಎಂದು ಹಾಕಿ ಪ್ಲಾನ್ ಕೊಟ್ಟ ಜೂನಿಯರ್‌ನನ್ನು ಮೀಟಿಂಗಿನಿಂದ ವಾಪಸ್ ಕಳಿಸಿದ್ದೇನೆ. ನನ್ನ ಮನೆಯ ಪ್ಲಾನ್ ವರ್ಷಗಟ್ಟಲೆ ಹಾಗೇ ಇತ್ತು.

ಅವಳು ಮೈಸೂರು ಶೈಲಿಯ ಚಿತ್ರ ಕಲಿತವಳು. ಮದುವೆಗೆ ಮುಂಚೆ ಗೆಸ್ಸೋ ಎತ್ತಿ, ಚಿನ್ನದ ರೇಕು ಕೂರಿಸಿ ಮೂರು ಚಿತ್ರ ಮುಗಿಸಿದ್ದಳು. ನಾಲ್ಕನೆಯದು, ಒಂದು ಸರಸ್ವತಿ, ಹನ್ನೊಂದು ವರ್ಷದಿಂದ ಪೆನ್ಸಿಲ್ ಗೆರೆಯಲ್ಲೇ ಬೀರುವಿನ ಹಿಂದಿತ್ತು. ಗೆಸ್ಸೋ ಕೆಲಸವನ್ನು ಕುಕ್ಕರ್ ಕೂಗುವ ನಡುವೆ ಹತ್ತು ಹತ್ತು ನಿಮಿಷ ಮಾಡಲಾಗುವುದಿಲ್ಲ. ಕೂತರೆ ಕೂತೇ ಇರಬೇಕು. ನೋಡಿ, ಇಲ್ಲಿದೆ ಅಸಲಿ ಭೇದ. ಗಂಡಸರ ಹವ್ಯಾಸಗಳಿಗೆ ಇಡೀ ದಿನ ಬೇಕು: ಟ್ರೆಕ್ಕಿಂಗ್, ಟೂರ್ನಮೆಂಟು, ಕವಿಗೋಷ್ಠಿ, ರೇಸು. ಹೆಂಗಸರ ಹವ್ಯಾಸ ಬಿಡುವಿನಲ್ಲಿ ಹಿಡಿಸಬೇಕು. ಹಿಡಿಸದಿದ್ದರೆ "ಅವಳಿಗೆ ಮೊದಲಿನಷ್ಟು ಆಸಕ್ತಿ ಇಲ್ಲ" ಎನ್ನುತ್ತೇವೆ. ಬೆಂಗಳೂರಿನ ಐಶ್ವರ್ಯಾ ಪಿಸ್ಸೆ 2019ರಲ್ಲಿ ಬಾಹಾ ರ‍್ಯಾಲಿಗಳ ವಿಶ್ವಕಪ್ಪಿನ ಮಹಿಳಾ ವಿಭಾಗ ಗೆದ್ದರು. ಆಸಕ್ತಿಗೆ ಹೆಣ್ಣು ಗಂಡಿಲ್ಲ. ಭಾನುವಾರಕ್ಕೆ ಇದೆ.

ಈಗ ಆ ಜೋಕಿಗೆ ಬರುತ್ತೇನೆ. "ಹೋಮ್ ಮಿನಿಸ್ಟರ್ ಪರ್ಮಿಷನ್" ಅಂದಾಗ ನಾವು ಹೆಂಡತಿಯನ್ನು ಹಾಸ್ಟೆಲ್ ವಾರ್ಡನ್ ಮಾಡುತ್ತೇವೆ, ನಾವು ಗೋಡೆ ಹಾರುವ ಹುಡುಗರಾಗುತ್ತೇವೆ. ಹುಡುಗನಿಗೆ ಮನೆಯ ಲೆಕ್ಕ ಯಾರೂ ಕೇಳುವುದಿಲ್ಲ, ಅದೇ ಅದರ ಲಾಭ. ಅವಳು ಬೇಡ ಎಂದರೆ ಹಟಮಾರಿ, ಹೂಂ ಎಂದರೆ ಒಳ್ಳೆಯ ಮಿನಿಸ್ಟರ್. ಎರಡರಲ್ಲೂ ಅವಳ ಮೂರು ಗಂಟೆ ಬರುವುದಿಲ್ಲ.

ಪ್ರೀತಿಯಲ್ಲಿ ಲೆಕ್ಕ ಯಾಕೆ ಎಂದು ನೀವು ಕೇಳಬಹುದು. ನಮ್ಮ ಬಳಗದಲ್ಲಿ ಇದನ್ನು ಹೇಳಿದಾಗ ಎಲ್ಲರೂ ಕೇಳಿದ್ದು ಅದನ್ನೇ. ಲೆಕ್ಕ ಇದ್ದೇ ಇದೆ, ಗೆಳೆಯರೇ. ಒಬ್ಬರೇ ಅದನ್ನು ತಲೆಯಲ್ಲಿಟ್ಟುಕೊಂಡು ಓಡಾಡುತ್ತಿದ್ದಾರೆ, ಅಷ್ಟೇ. ಹಾಳೆಯ ಮೇಲೆ ಬಂದರೆ ಇನ್ನೊಬ್ಬರಿಗೂ ಕಾಣುತ್ತದೆ.

ಹಾಗಾಗಿ ನಮ್ಮ ಮನೆಯಲ್ಲಿ ಈಗ ಮೂರು ಮಾತು. ಒಂದು, ನನ್ನ ಪ್ರತಿ ಟ್ರ್ಯಾಕ್ ದಿನಕ್ಕೆ ಅವಳಿಗೆ ಒಂದು ಇಡೀ ದಿನ, ಅದು ಕ್ಯಾಲೆಂಡರಿನಲ್ಲಿ ಮೊದಲು ಬರಬೇಕು, ನನ್ನದು ಆಮೇಲೆ. ಆ ದಿನ ಇನ್ಸುಲಿನ್ನೂ ಟ್ಯಾಂಕರೂ ನನ್ನ ಕೆಲಸ, ಜೀರಿಗೆ ಡಬ್ಬ ಎಲ್ಲಿದೆ ಎಂದು ಫೋನ್ ಮಾಡುವಂತಿಲ್ಲ. ಎರಡು, ಟೈರಿಗೆ, ಲೆದರ್ ಸೂಟಿಗೆ, ಎಂಟ್ರಿ ಫೀಸಿಗೆ ಹೋದಷ್ಟೇ ದುಡ್ಡು ಅವಳ ಹೆಸರಿನಲ್ಲೂ ಪಕ್ಕಕ್ಕೆ ಹೋಗಬೇಕು. ಮೂರು, ಅಪಾಯದ ಕಾಗದಗಳನ್ನು ಇಬ್ಬರೂ ಕೂತು ಓದಬೇಕು. ಮಾಮೂಲಿ ಬೈಕ್ ಇನ್ಶೂರೆನ್ಸ್ ರೇಸಿಗೆ ಅನ್ವಯಿಸುವುದಿಲ್ಲ ಎಂದು ನನಗೆ ಗೊತ್ತಿತ್ತು. ನನ್ನ ಪರ್ಸನಲ್ ಆಕ್ಸಿಡೆಂಟ್ ಪಾಲಿಸಿಯಲ್ಲೂ ರೇಸಿಂಗ್ ಹೊರಗೆ ಎಂಬ ಸಾಲಿತ್ತು, ಅದನ್ನು ಹುಡುಕಿದ್ದು ಅವಳು. ಐದು ವರ್ಷ ನಾನು ಆ ಪಾಲಿಸಿಯನ್ನು ನಂಬಿಕೊಂಡು ಓಡಿಸಿದ್ದೆ. ಈ ಮೂರರಲ್ಲಿ ಒಂದು ತಪ್ಪಿದರೂ ರೇಸ್ ಇಲ್ಲ. ಇದಕ್ಕೆ ಪರ್ಮಿಷನ್ ಎನ್ನಬೇಡಿ. ಇಬ್ಬರು ಪಾಲುದಾರರ ಸಹಿ ಎನ್ನಿ.

ಇದರಿಂದ ವರ್ಷಕ್ಕೆ ಆರು ಇದ್ದ ನನ್ನ ವೀಕೆಂಡ್ ಮೂರಕ್ಕಿಳಿದಿದೆ. ಲ್ಯಾಪ್ ಟೈಮ್ ನಾಲ್ಕು ಸೆಕೆಂಡ್ ಹೆಚ್ಚಾಗಿದೆ. ಹೊಟ್ಟೆ ಉರಿಯುವುದಿಲ್ಲ ಎಂದರೆ ಸುಳ್ಳು. ಅವಳ ದಿನಗಳಲ್ಲಿ ಮೊದಮೊದಲು ನಾನು ಮಧ್ಯಾಹ್ನದ ಹೊತ್ತಿಗೆ ಸುಸ್ತಾಗಿ, ಮಗಳ ಮೇಲೆ ರೇಗಿ, ಅಮ್ಮನ ಕೈಲಿ ಬೈಸಿಕೊಂಡಿದ್ದೇನೆ. ಬಾಗಿಲು ಹಾಕಿಕೊಂಡು ಕೂತವಳು ಹೊರಗೆ ಬರಲಿಲ್ಲ, ಬರಬಾರದು.

ಕಥೆ ಕವಿತೆ ಬರೆಯುವ ಗೆಳೆಯರು ಇದು ಬೈಕಿನವರ ಪಾಡು ಎಂದು ಪುಟ ತಿರುಗಿಸಬೇಡಿ. ನಿಮ್ಮ ಹವ್ಯಾಸದಲ್ಲಿ ಮೂಳೆ ಮುರಿಯುವುದಿಲ್ಲ, ಹಾಗಾಗಿ ನಿಮ್ಮ ಮನೆಯ ಕಾಲಮ್ ಖಾಲಿ ಇದ್ದರೂ ಯಾರಿಗೂ ಗೊತ್ತಾಗುವುದಿಲ್ಲ. ಈ ಭಾನುವಾರ ಬರೆಯಲು ಕೂರುವ ಮುಂಚೆ ಒಂದು ಹಾಳೆಯಲ್ಲಿ ಎರಡು ಗೆರೆ ಎಳೆದು ಒಂದು ಭಾಗವನ್ನು ಮನೆಯವರ ಕೈಗೆ ಕೊಡಿ. ಅವರು ಬರೆದದ್ದನ್ನು ತಿದ್ದಬೇಡಿ.

ಸರಸ್ವತಿಗೆ ಈಗ ವೀಣೆ, ಕಿರೀಟದ ಗೆಸ್ಸೋ ಮುಗಿದಿದೆ, ಚಿನ್ನದ ರೇಕು ಬಾಕಿ. ಮುಂದಿನ ತಿಂಗಳು ಟ್ರ್ಯಾಕಿನಲ್ಲಿ ಒಂದು ರೌಂಡ್ ಇದೆ. ನಾನು ಹೋಗುತ್ತಿಲ್ಲ. ಆಫೀಸಿನ ಒಂದು ರಿಲೀಸ್ ಬಂದು ಅವಳ ಎರಡು ದಿನ ತಿಂದುಹಾಕಿದೆ, ಆ ಸಾಲ ಇನ್ನೂ ತೀರಿಲ್ಲ. ಅದು ತೀರುವವರೆಗೂ ಬೈಕು ಬೇಸ್‌ಮೆಂಟಿನಲ್ಲಿ ಕವರ್ ಹೊದ್ದು ನಿಂತಿರುತ್ತದೆ.